ಸಲೋನಿಕಿಯ ಬ್ರೆಡ್ಡಿನ ಮುದ್ರೆ

ಸಾಗರ

ನಮ್ಮ ಸಾಗರದಲ್ಲಿ ಬ್ರೆಡ್ಡು ಅಂದರೆ ಜ್ವರದವರ ಊಟ. ಪೇಟೆಯಿಂದ ಯಾರಾದರೂ ಬ್ರೆಡ್ಡಿನ ಪೊಟ್ಟಣ ಹಿಡಿದು ಬರುತ್ತಿದ್ದರೆ ಎದುರು ಸಿಕ್ಕವರು "ಯಾರಿಗೆ ಹುಷಾರಿಲ್ಲ?" ಅಂತಲೇ ಕೇಳುವುದು. ಚಿಕ್ಕಂದಿನಲ್ಲಿ ನನಗೆ ವಿಷಮಶೀತ ಜ್ವರ ಬಂದಾಗ ಡಾಕ್ಟರು ಅನ್ನ ನಿಲ್ಲಿಸಿ, ಹಾಲಿನಲ್ಲಿ ಅದ್ದಿದ ಬ್ರೆಡ್ಡು ಕೊಡಲು ಹೇಳಿದ್ದರು. ಆಮೇಲೆ ಎಷ್ಟೋ ವರ್ಷ ಅದರ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಂಥವನು ಹೋಗಿ ಬಿದ್ದದ್ದು, ಇಡೀ ಊರೇ ಮೂರು ಹೊತ್ತೂ ಬ್ರೆಡ್ಡು ತಿನ್ನುವ ದೇಶಕ್ಕೆ.

ನಾನು ಗಂಧದ ಕೆತ್ತನೆಯವನು. ಅಪ್ಪ, ಅಜ್ಜ ಎಲ್ಲರದೂ ಅದೇ ಕೆಲಸ. ಅರವತ್ತರ ದಶಕ ಶುರುವಾದ ಹೊಸತು. ಗ್ರೀಸ್ ದೇಶದ ಸಲೋನಿಕಿ ಎಂಬ ಬಂದರಿನ ಊರಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತದೆಂದೂ, ಇಂಡಿಯಾದ ಮಂಟಪದಲ್ಲಿ ಜನರ ಎದುರೇ ಕೂತು ಕೆತ್ತಿ ತೋರಿಸಲು ಒಬ್ಬರು ಬೇಕೆಂದೂ ಸರ್ಕಾರದವರು ನಮ್ಮ ಬೀದಿಗೆ ಬಂದು ಕೇಳಿದರು. ಹಿರಿಯರು ಯಾರೂ ಕಡಲು ದಾಟಲು ಒಪ್ಪಲಿಲ್ಲ. ನಾನು ಒಪ್ಪಿದೆ.

ಹೊರಡುವ ಹೊತ್ತಿಗೆ ಮನೆಯಲ್ಲಿ ಯಾರ ಮನಸ್ಸೂ ನೆಟ್ಟಗಿರಲಿಲ್ಲ. ಚೌತಿ ಹತ್ತಿರ ಬಂದಿತ್ತು. ಮಣ್ಣಿನ ಗಣಪತಿ ಮಾಡುವುದೂ ನಮ್ಮದೇ ಕೆಲಸ. ಕೈತುಂಬ ಕೆಲಸವಿರುವಾಗ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಅದರ ಮೇಲೆ ನನ್ನ ಹೆಂಡತಿ ಗಿರಿಜೆಯ ತವರು ಹೊಸನಗರದ ಕಡೆ, ಶರಾವತಿಯ ಅಣೆಕಟ್ಟಿನ ನೀರು ಬರುವ ಜಾಗದಲ್ಲಿತ್ತು. ಅವಳ ತಮ್ಮಂದಿರು ಮನೆಯ ಹೆಂಚು ಇಳಿಸಿ, ರಿಪ್ಪನ್‌ಪೇಟೆಯ ಹತ್ತಿರ ತೋರಿಸಿದ್ದ ಹೊಸ ಜಾಗಕ್ಕೆ ಲಾರಿಯಲ್ಲಿ ಸಾಗಿಸುತ್ತಿದ್ದರು.

"ಅಲ್ಲಿ ಊಟಕ್ಕೆ ಎಂತ ಮಾಡ್ತೀರಿ?" ಅಂತ ಗಿರಿಜೆ ಕೇಳಿದಳು.

"ಬ್ರೆಡ್ಡು ತಿಂತಾರಂತೆ."

"ದಿನಾನೂ?"

"ದಿನಾನೂ ಅಂತೆ."

ಅವಳು ನನ್ನ ಮುಖ ನೋಡಿ, "ಹಂಗಾರೆ ಹುಷಾರು," ಅಂದಳು.

ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕ ಒಂದು ಜಾಡಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದಳು. ಅದು ಕೆಂಪು ಸಮುದ್ರದ ಸೆಕೆಗೆ ಹಡಗಿನಲ್ಲೇ ಉಕ್ಕಿ ನನ್ನ ಹೊಸ ಕೋಟಿನ ಮೇಲೆ ಹರಿಯಿತು. ಸಲೋನಿಕಿಯಲ್ಲಿ ನನ್ನನ್ನು ಕರೆದೊಯ್ಯಲು ಬಂದವರು ಮೊದಲು ಮೂಗು ಮುಚ್ಚಿಕೊಂಡು, ಆಮೇಲೆ ಕೈಕುಲುಕಿದರು.

ಸಲೋನಿಕಿ, ಮೊದಲ ಬೆಳಗುಗಳು

ನಮಗೆ ಕೊಟ್ಟ ಕೋಣೆ ಊರಿನ ಮೇಲ್ಭಾಗದಲ್ಲಿ, ಒಂದು ಏರುಬೀದಿಯಲ್ಲಿತ್ತು. ನನ್ನ ಜೊತೆಗೆ ಬನಾರಸಿನ ನೇಕಾರ ಕರೀಂ ಮಿಯಾ ಇದ್ದರು. ನನಗಿಂತ ಹಿರಿಯರು, ಮಾತು ಕಡಿಮೆ. ನನ್ನ ಅರೆಬರೆ ಹಿಂದಿಯನ್ನು ಸಹಿಸಿಕೊಂಡರು.

ಬೀದಿಯ ತಿರುವಿನಲ್ಲೇ ಬ್ರೆಡ್ಡಿನ ಅಂಗಡಿ. ಬೆಳಕು ಹರಿಯುವಾಗ ಅಲ್ಲಿಂದ ಬರುತ್ತಿದ್ದ ವಾಸನೆ ನಾನು ತಿಳಿದಿದ್ದ ಬ್ರೆಡ್ಡಿನದಲ್ಲ. ಹುರಿದ ಗೋಧಿಯ ಘಮ, ಸೌದೆಯ ಹೊಗೆ, ಅದರ ಜೊತೆಗೆ ದೋಸೆಹಿಟ್ಟು ಹುಳಿ ಬಂದಾಗಿನಂಥ ಒಂದು ಸಣ್ಣ ಹುಳಿ. ಹಣೆ ಮುಟ್ಟಿಕೊಳ್ಳಬೇಕು ಅನ್ನಿಸಲಿಲ್ಲ. ಹಸಿವಾಯಿತು.

ಅಂಗಡಿಗೆ ಹೋದೆ. ಕಪ್ಪು ಬಟ್ಟೆ ಉಟ್ಟು, ತಲೆಗೆ ಕಪ್ಪು ವಸ್ತ್ರ ಕಟ್ಟಿದ ಮುದುಕಿ ಕೂತಿದ್ದಳು. ಹಿಂದಿನ ಹಲಗೆಗಳ ಮೇಲೆ ಬ್ರೆಡ್ಡುಗಳು ಸಾಲಾಗಿ, ನಮ್ಮಲ್ಲಿ ಹೆಂಚು ಜೋಡಿಸಿಟ್ಟ ಹಾಗೆ. ನಾನು ಬೆರಳು ತೋರಿಸಿ, ಸಿಗುತ್ತದೆಯೇ ಎಂಬಂತೆ ಹುಬ್ಬು ಹಾರಿಸಿದೆ. ಅವಳು "ನೆ," ಅಂದಳು. "ನ" ಅಂದರೆ ಇಲ್ಲ ಎಂದು ಕರೀಂ ಮಿಯಾರ ಹಿಂದಿಯಲ್ಲೂ ಉಂಟು, ನಮ್ಮ ಶಾಲೆಯ ಸಂಸ್ಕೃತದಲ್ಲೂ ಉಂಟು. ಹಲಗೆಯ ತುಂಬ ಬ್ರೆಡ್ಡು ಇಟ್ಟುಕೊಂಡು ಇಲ್ಲ ಅನ್ನುತ್ತಾಳಲ್ಲ ಎಂದು ಬೆಪ್ಪಾಗಿ ವಾಪಸು ಬಂದೆ. ಮಾರನೆಯ ದಿನವೂ "ನೆ". ನನ್ನ ಕಣ್ಣೆದುರೇ ಬೇರೆಯವರಿಗೆ ಕೊಟ್ಟಳು.

ಕೆಲವರನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಸಾಮಾನು ಕೊಡುವ ಅಂಗಡಿಗಳನ್ನು ನಮ್ಮ ಕಡೆಯೇ ಕಂಡವನು ನಾನು. ಇಷ್ಟು ದೂರ ಬಂದು ಆ ಮೆಟ್ಟಿಲ ಕೆಳಗೆ ನಾನೇ ನಿಂತೆನಲ್ಲ ಅನ್ನಿಸಿತು.

"ಇನ್ನು ಆ ಕಡೆ ಹೋಗಬೇಡ," ಅಂದರು ಕರೀಂ ಮಿಯಾ. ಆದರೆ ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಎದುರು ತಲೆ ತಗ್ಗಿಸಿ ಹಾದುಹೋಗುವಾಗ ಹಿಟ್ಟು ಮೆತ್ತಿದ ದಪ್ಪ ಆಳೊಬ್ಬ ಬ್ರೆಡ್ಡು ಹಿಡಿದು ಹಿಂದೆಯೇ ಓಡಿ ಬಂದ. "ಅಚ್ಛಾ, ಇಂಡಿಯಾ! ಅಚ್ಛಾ!" ಎಂದು ಕೂಗಿದ. ಅವನೇ ಸ್ತಾವ್ರೋಸ್, ಅಂಗಡಿಯ ಯಜಮಾನ, ಆ ಮುದುಕಿಯ ಮಗ. ಪ್ರಾಯದಲ್ಲಿ ಹಡಗುಗಳಲ್ಲಿ ಬ್ರೆಡ್ಡು ಸುಡುವ ಕೆಲಸ ಮಾಡುತ್ತ ಬೊಂಬಾಯಿಗೂ ಬಂದಿದ್ದವನು. ಒಂದಿಷ್ಟು ಮುರುಕು ಇಂಗ್ಲಿಷು, ಬೊಂಬಾಯಿಯ ನಾಲ್ಕು ಹಿಂದಿ ಮಾತು ಅವನಿಗೆ ಬರುತ್ತಿದ್ದವು.

"ನನ್ನ ಅಮ್ಮ ಅಳುತ್ತಿದ್ದಾಳೆ," ಅಂದ. "ಹೌದು, ಹೌದು ಅಂದರೂ ಆ ಮನುಷ್ಯ ಬ್ರೆಡ್ಡು ತಗೊಳ್ಳದೆ ಹೋಗ್ತಾನೆ, ನನ್ನ ಬ್ರೆಡ್ಡಿಗೆ ಏನಾಗಿದೆ ಅಂತ ಕೇಳ್ತಾಳೆ."

ಅವರ ಭಾಷೆಯಲ್ಲಿ "ನೆ" ಅಂದರೆ ಹೌದು. ಇಲ್ಲ ಅನ್ನುವುದಕ್ಕೆ ಮಾತೇ ಬೇಡ, ಗದ್ದ ಮೇಲೆತ್ತಿ ನಾಲಿಗೆ ಚ್ ಅನ್ನಿಸಿದರೆ ಮುಗಿಯಿತು. ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದು, ಕೈಯಲ್ಲಿದ್ದ ಬ್ರೆಡ್ಡು ಜಾರಿ ಬೀದಿಯ ಕಲ್ಲಿನ ಮೇಲೆ ಬಿತ್ತು. ಎತ್ತಿ ಧೂಳು ಕೊಡವಿದೆ. ಸ್ತಾವ್ರೋಸ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮುತ್ತಿಟ್ಟು ವಾಪಸು ಕೊಟ್ಟ. ಅಷ್ಟು ದೊಡ್ಡ ಮೀಸೆಯ ಗಂಡಸು ನಡುಬೀದಿಯಲ್ಲಿ ಒಂದು ಬ್ರೆಡ್ಡಿಗೆ ಮುತ್ತಿಡುವುದನ್ನು ಕಂಡು ನಾನು ದಂಗಾದೆ. ಕಾಲು ತಾಗಿದ ಪುಸ್ತಕವನ್ನು ನಾವು ಕಣ್ಣಿಗೆ ಒತ್ತಿಕೊಳ್ಳುವುದಿಲ್ಲವೇ ಎಂದು ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು.

ಅಂದಿನಿಂದ ದಿನವೂ ಅಲ್ಲಿಗೇ ಹೋದೆ. ಬೀದಿಯವರೆಲ್ಲ ಮುದುಕಿಯನ್ನು ಯಾಯಾ ಅನ್ನುತ್ತಿದ್ದರು, ಅಂದರೆ ಅಜ್ಜಿ. ನಾನೂ ಹಾಗೇ ಕರೆದೆ. ಮಂಜಪ್ಪ ಎಂಬ ನನ್ನ ಹೆಸರು ಅವಳ ಬಾಯಲ್ಲಿ "ಮಾಂಜೋ" ಆಯಿತು. ಅವಳು ಬಿಸಿ ಬ್ರೆಡ್ಡಿನ ಅಂಚು ಮುರಿದು, ಅದರ ಮೇಲೆ ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸಿ ಕೊಡುತ್ತಿದ್ದಳು. ಅದನ್ನು ತಿಂದ ಮೇಲೆ ಸಾಗರದ ಆಸ್ಪತ್ರೆಯ ಬ್ರೆಡ್ಡನ್ನೂ ಇದನ್ನೂ ಒಂದೇ ಹೆಸರಿನಿಂದ ಕರೆಯುವುದು ನ್ಯಾಯವಲ್ಲ ಅನ್ನಿಸಿತು.

ಭಾನುವಾರ

ಮೊದಲ ಭಾನುವಾರ ಬೀದಿಯಲ್ಲಿ ಮೆರವಣಿಗೆ. ಹೆಂಗಸರು, ಗಂಡಸರು, ಎಲ್ಲರ ಕೈಯಲ್ಲೂ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ. ಯಾರದೋ ಮನೆಯಲ್ಲಿ ಮದುವೆಯೆಂದು ತಿಳಿದೆ. ಎಲ್ಲರೂ ಬ್ರೆಡ್ಡಿನ ಅಂಗಡಿಗೇ ಹೋಗುತ್ತಿದ್ದರು. ಅವರ ಮನೆಗಳಲ್ಲಿ ಅಂಥ ಒಲೆ ಇಲ್ಲ. ಬ್ರೆಡ್ಡು ಸುಟ್ಟಾದ ಮೇಲೆ ಉಳಿಯುವ ಕಾವಿನಲ್ಲಿ ಬೀದಿಯವರೆಲ್ಲರ ಭಾನುವಾರದ ಅಡುಗೆ ಬೇಯುತ್ತದೆ. ಒಬ್ಬರದು ಕುರಿ ಮಾಂಸ, ಇನ್ನೊಬ್ಬರದು ಅಕ್ಕಿ ತುಂಬಿದ ಟೊಮೇಟೊ, ಮತ್ತೊಬ್ಬರದು ಮೀನು. ಸ್ತಾವ್ರೋಸ್ ಉದ್ದನೆಯ ಮರದ ಸಲಿಕೆಯಿಂದ ಒಂದೊಂದನ್ನೂ ಅದೇ ಒಲೆಯೊಳಗೆ ತಳ್ಳುತ್ತಿದ್ದ.

ನಾನು ಬಾಗಿಲಲ್ಲಿ ಗರಬಡಿದವನಂತೆ ನಿಂತಿದ್ದೆ. ನಮ್ಮ ಮನೆಯಲ್ಲಿ ಮೀನು ನಡೆಯುತ್ತದೆ, ಮಡಿಯ ಕಟ್ಟುನಿಟ್ಟೂ ಅಷ್ಟಿಲ್ಲ. ಆದರೂ ಊರಿನವರೆಲ್ಲ ತಮ್ಮ ಅಡುಗೆಯನ್ನು ಒಬ್ಬನ ಒಲೆಗೆ ಒಪ್ಪಿಸಿ ಮನೆಗೆ ಹೋಗುವುದನ್ನು ನನ್ನ ತಲೆ ಒಪ್ಪಲಿಲ್ಲ. ನಮ್ಮ ಬೀದಿಯಲ್ಲಿ ಹೀಗೆ ಮಾಡಿದರೆ ಎಷ್ಟು ಮನೆಯವರು ಎಷ್ಟು ಮನೆಯವರ ಜೊತೆ ಮಾತು ಬಿಡುತ್ತಿದ್ದರೋ.

"ಬದಲಾದರೆ?" ಅಂತ ಕೇಳಿದೆ.

"ಒಮ್ಮೆ ಆಗಿತ್ತು," ಅಂದ ಸ್ತಾವ್ರೋಸ್. "ಎರಡು ಮನೆಯವರೂ ತಿಂದು ಮುಗಿಸಿದ ಮೇಲೆ ಗೊತ್ತಾಯಿತು. ಈಗ ಆ ಎರಡು ಮನೆಯವರು ಬೀಗರು."

ಮಂಟಪ

ಪ್ರದರ್ಶನದಲ್ಲಿ ನನ್ನ ಜಾಗ ಮಂಟಪದ ಬಾಗಿಲಿನ ಪಕ್ಕ. ಚಾಪೆ ಹಾಸಿ, ಉಳಿಗಳನ್ನು ಹರಡಿ, ಗಂಧದ ಕೊರಡಿನಲ್ಲಿ ಕೃಷ್ಣನನ್ನು ಕೆತ್ತುತ್ತಿದ್ದೆ. ಜನ ಸುತ್ತ ನಿಂತು ಮೂಸುತ್ತಿದ್ದರು, ಮುಟ್ಟುತ್ತಿದ್ದರು, ಕೊಳ್ಳುತ್ತಲೂ ಇದ್ದರು. ಒಬ್ಬ ಹೆಂಗಸು ಕೃಷ್ಣನನ್ನು ಕೈಯಲ್ಲಿ ಹಿಡಿದು ದುಭಾಷಿಯ ಮೂಲಕ ಕೇಳಿದಳು: ರಾತ್ರಿ ಮಲಗುವಾಗ ತನ್ನ ಉಂಗುರಗಳನ್ನು ಈ ಕೊಳಲಿಗೆ ಸಿಕ್ಕಿಸಿ ಇಡಬಹುದೇ, ಮುರಿಯುವುದಿಲ್ಲವೇ? ಮುರಿಯುವುದಿಲ್ಲ ಅಂದೆ. ಹೇಳಿದ ಮೇಲೆ ಬಹಳ ಹೊತ್ತು ಉಳಿ ಹಿಡಿಯಲು ಆಗಲಿಲ್ಲ.

ಹಾಗೆ ನೋಡಿದರೆ ಅದು ಹೊಸ ಮಾತೇನಲ್ಲ. ಗಂಧದಲ್ಲಿ ನಾನು ಕೆತ್ತಿದ ದೇವರುಗಳು ಯಾವಾಗಲೂ ಗಾಜಿನ ಕಪಾಟಿಗೇ ಹೋದವು. ಯಾರ ಮನೆಯ ಪೂಜೆಗೂ ಕೂತದ್ದು ನಾನು ಕಾಣೆ. ಚೌತಿಯ ಮಣ್ಣಿನ ಗಣಪತಿಯೊಬ್ಬನೇ ನನ್ನ ಕೈಯಿಂದ ಹೋಗಿ ಪೂಜೆ ಕಾಣುವ ದೇವರು. ಆ ವರ್ಷ ಅದೂ ಇರಲಿಲ್ಲ.

ಆ ಸಂಜೆ ಸ್ತಾವ್ರೋಸ್ ತನ್ನ ಅಮ್ಮನನ್ನು ಕರೆದುಕೊಂಡು ಮಂಟಪಕ್ಕೆ ಬಂದ. ಬ್ರೆಡ್ಡು ಕೊಳ್ಳಲು ಬರುವ ಮಾಂಜೋ ಅಲ್ಲಿ ಕೂತಿರುವುದನ್ನು ಕಂಡು ಇಬ್ಬರೂ ಹಾಗೇ ನಿಂತುಬಿಟ್ಟರು. ಯಾಯಾ ಕೃಷ್ಣನನ್ನು ನೋಡಲಿಲ್ಲ, ಪಕ್ಕದಲ್ಲಿಟ್ಟಿದ್ದ ಗಂಧದ ಆನೆಯನ್ನೂ ನೋಡಲಿಲ್ಲ. ನನ್ನ ಎದುರು ಕಷ್ಟಪಟ್ಟು ಮಂಡಿಯೂರಿ ಕೂತು ನನ್ನ ಬಲಗೈ ಹಿಡಿದು, ಉಳಿ ಒತ್ತಿ ಒತ್ತಿ ಹೆಬ್ಬೆರಳಿನಲ್ಲಿ ಗಟ್ಟಿಯಾಗಿದ್ದ ಚರ್ಮವನ್ನು ತನ್ನ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಆಮೇಲೆ ಮಗನಿಗೆ ಏನೋ ಹೇಳಿದಳು.

"ನಾಳೆ ನಮ್ಮ ಮನೆಗೆ ಬಾ," ಅಂದ ಸ್ತಾವ್ರೋಸ್. "ಅಮ್ಮನಿಗೆ ಒಂದು ಕೆಲಸ ಇದೆ."

ಯಾಯಾಳ ಅಡುಗೆಮನೆ

ಅಂಗಡಿಯ ಹಿಂದೆಯೇ ಮನೆ. ಯಾಯಾ ಬಿಳಿ ಬಟ್ಟೆಯ ಗಂಟೊಂದನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಅಂಗೈಯಗಲದ ಮರದ ಬಿಲ್ಲೆ, ಹಿಂದೆ ಹಿಡಿ. ಬಿಲ್ಲೆಯ ನಡುವೆ ಶಿಲುಬೆ, ಅದರ ಸುತ್ತ ಅಕ್ಷರಗಳು. ನನಗೆ ಅದು ಒಂದು ಕಡ್ಡಿ, ಒಂದು ಅರ್ಧಚಂದ್ರ, ಒಂದು ಕತ್ತರಿ, ಮತ್ತೊಂದು ಅರ್ಧಚಂದ್ರ. ಎಲ್ಲವನ್ನೂ ತಿರುಗುಮುರುಗಾಗಿ ಕೆತ್ತಿದ್ದರು, ಒತ್ತಿದಾಗ ಸರಿಯಾಗಿ ಮೂಡಲೆಂದು. ಅಂಚಿಗೆ ಏನೋ ಚಿತ್ತಾರವಿತ್ತು, ಒಂದು ಕಡೆ ಪೂರ್ತಿ ಸವೆದುಹೋಗಿತ್ತು. ಮೇಲಿನಿಂದ ಕೆಳಗೆ ಬಿಲ್ಲೆ ಸೀಳಿತ್ತು. ಹಿಡಿಯಿಂದಾಗಿ ಎರಡೂ ಹೋಳು ಹೇಗೋ ಕೂಡಿಕೊಂಡಿದ್ದವು.

"ದೇವರಿಗೆ ಕೊಡುವ ಬ್ರೆಡ್ಡಿನ ಮೇಲೆ ಒತ್ತುವ ಮುದ್ರೆ," ಅಂದ ಸ್ತಾವ್ರೋಸ್. "ಪ್ರತಿ ಶನಿವಾರ ಅಮ್ಮನೇ ಆ ಬ್ರೆಡ್ಡು ಮಾಡೋದು. ಈಗ ಒತ್ತಿದರೆ ನಡುವೆ ಗೆರೆ ಬೀಳುತ್ತೆ. ಅಂಗಡಿಯಲ್ಲಿ ಹೊಸದು ಸಿಗುತ್ತೆ, ಇವಳಿಗೆ ಬೇಡ. ಇದರ ಹಾಗೇ ಬೇಕು. ಶಿಲುಬೆಯ ಹಬ್ಬ ಬರ್ತಿದೆ. ಸ್ತಾವ್ರೋಸ್ ಅನ್ನೋದು ಶಿಲುಬೆಯ ಹೆಸರೇ, ನನ್ನ ಹೆಸರಿನ ಹಬ್ಬವೂ ಅದೇ."

ಪ್ರಸಾದದ ಮೇಲೆ ದೇವರ ಹೆಸರು ಎಂದು ನಾನು ತಿಳಿದುಕೊಂಡೆ. ನಮ್ಮಲ್ಲೂ ಪ್ರಸಾದ ಉಂಟು ಅಂದೆ. ಸ್ತಾವ್ರೋಸ್ ಗದ್ದ ಮೇಲೆತ್ತಿ ಚ್ ಅಂದ.

"ಪ್ರಸಾದ ಅಲ್ಲ. ಈ ನಡುವಿನ ಭಾಗವನ್ನು ಪಾದ್ರಿ ಕೊಯ್ದು ತೆಗೆದು ಪ್ರಾರ್ಥನೆ ಮಾಡ್ತಾರೆ. ಆಮೇಲೆ ಅದು ಬ್ರೆಡ್ಡಲ್ಲ. ಅವನ ಮೈ."

"ಯಾರ ಮೈ?"

"ದೇವರದು."

"ಆಮೇಲೆ?"

"ಆಮೇಲೆ ತಿಂತೀವಿ."

ಅವನ ಇಂಗ್ಲಿಷು ಎಲ್ಲೋ ತಪ್ಪಿರಬೇಕೆಂದು ಇನ್ನೊಮ್ಮೆ ಕೇಳಿದೆ. ತಪ್ಪಿರಲಿಲ್ಲ. ನಾವು ಗಣಪತಿಯನ್ನು ಕೂರಿಸುತ್ತೇವೆ, ಹಾಡುತ್ತೇವೆ, ಕೆರೆಗೆ ಬಿಟ್ಟು ಅಳುತ್ತಿರುವ ಮಕ್ಕಳನ್ನು ಸಮಾಧಾನ ಮಾಡುತ್ತೇವೆ. ದೇವರನ್ನು ಬಾಯಿಗೆ ಹಾಕಿಕೊಳ್ಳುವ ಯೋಚನೆ ನಮ್ಮ ಏಳು ತಲೆಮಾರಿನಲ್ಲಿ ಯಾರಿಗೂ ಬಂದಿರಲಾರದು. ಮೇಜಿನ ಮೇಲಿದ್ದ ಮುದ್ರೆಯನ್ನು ಮುಟ್ಟಲು ಹೋದ ಕೈ ತಾನಾಗಿ ಹಿಂದೆ ಬಂತು.

ಯಾಯಾ ಅದನ್ನು ನೋಡಿದಳು. ಎಣ್ಣೆ ಸುರಿದ ಬ್ರೆಡ್ಡು ಮುಂದಿಟ್ಟು, ನನ್ನ ಎದುರು ಕೂತು, ಮುದ್ರೆಯ ಕಥೆ ಹೇಳಿದಳು. ಮಗ ತುಂಡು ತುಂಡಾಗಿ ನನಗೆ ತಿಳಿಸಿದ. ಅವಳ ಊರು ಇದಲ್ಲ, ಸಮುದ್ರದ ಆಚೆಯ ದಡ, ಈಗ ತುರ್ಕಿಯವರ ದೇಶ. ನಲವತ್ತು ವರ್ಷದ ಹಿಂದೆ ಯುದ್ಧದ ಕೊನೆಗೆ ಆ ಊರಿಗೆ ಬೆಂಕಿ ಬಿತ್ತು.

"ಏನು ತರಬೇಕು ಅಂತ ಯೋಚಿಸೋಕೆ ಪುರುಸೊತ್ತು ಇರಲಿಲ್ಲ, ಮಗಾ. ಬ್ರೆಡ್ಡಿಗೆ ಮುದ್ರೆ ಒತ್ತುತ್ತಾ ಇದ್ದೆ. ಹಿಟ್ಟಿನ ಕೈಯಲ್ಲೇ ಓಡಿದೆ. ಬಂದರಿನ ನೂಕುನುಗ್ಗಲಲ್ಲಿ ಗಂಡನ ಕೈ ತಪ್ಪಿತು. ಆಮೇಲೆ ಸಿಗಲಿಲ್ಲ. ಹಡಗು ಹತ್ತಿದ ಮೇಲೆ ನೋಡ್ತೀನಿ, ಇದು ನನ್ನ ಜೇಬಿನಲ್ಲಿತ್ತು. ಇವನು ಹೊಟ್ಟೆಯಲ್ಲಿದ್ದ. ಅಷ್ಟೇ ನಾನು ತಂದದ್ದು."

ಸ್ತಾವ್ರೋಸ್ ತಲೆ ತಗ್ಗಿಸಿ ಮೇಜಿನ ಮೇಲಿನ ಹಿಟ್ಟನ್ನು ಕೈಯಿಂದ ಒರೆಸುತ್ತಿದ್ದ.

"ನಿನ್ನ ಊರು ಇದೆಯಾ?" ಅಂತ ಅವಳು ನನ್ನನ್ನು ಕೇಳಿದಳು.

ಇದೆ ಅಂದೆ. ನನ್ನ ಹೆಂಡತಿಯ ಊರು ಮಾತ್ರ ನೀರಿನಲ್ಲಿ ಮುಳುಗುತ್ತಿದೆ ಎಂದೆ. ಮನೆ, ಗದ್ದೆ, ದೇವಸ್ಥಾನ, ಎಲ್ಲ.

ಅವಳು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. "ಯಾವ ಸೈನ್ಯ ಬಂತು?"

"ಸೈನ್ಯ ಅಲ್ಲ. ನಮ್ಮ ಸರ್ಕಾರವೇ. ನದಿಗೆ ಅಣೆಕಟ್ಟು ಕಟ್ಟಿದ್ದಾರೆ, ವಿದ್ಯುತ್ತಿಗೆ."

"ದೀಪಕ್ಕಾ?"

"ದೀಪಕ್ಕೆ."

ಮೇಲೆ ಉರಿಯುತ್ತಿದ್ದ ಬಲ್ಬನ್ನು ಅವಳು ತಲೆಯೆತ್ತಿ ನೋಡಿದಳು. ದೇವರನ್ನು ತಿನ್ನುತ್ತೇವೆ ಎಂದು ಕೇಳಿ ನನ್ನ ಮುಖ ಹೇಗಾಗಿತ್ತೋ, ಈಗ ಅವಳ ಮುಖ ಹಾಗಿತ್ತು. ನಾನು ಮುದ್ರೆಯನ್ನು ಕೈಗೆ ತೆಗೆದುಕೊಂಡೆ.

ಗಂಧ ಮತ್ತು ಆಲಿವ್

ಕೋಣೆಗೆ ಬಂದು ಕರೀಂ ಮಿಯಾರಿಗೆ ಹೇಳಿದೆ. ಬೇರೆಯವರ ದೇವರು, ಅದನ್ನು ತಿನ್ನುತ್ತಾರಂತೆ, ನನ್ನ ಕೈ ಹಾಕಬಹುದೋ ಇಲ್ಲವೋ ತಿಳಿಯುತ್ತಿಲ್ಲ ಅಂದೆ. ಅವರು ಚಹಾ ಕುಡಿಯುವುದನ್ನು ನಿಲ್ಲಿಸಲಿಲ್ಲ.

"ನಾನು ನೇಯ್ದ ಸೀರೆ ಉಟ್ಟು ಮದುವೆಯಾಗುವವರು ಯಾರು, ನಮ್ಮವರಾ?" ಅಂದರು. "ನೀನು ಕೆಲಸ ಚೆನ್ನಾಗಿ ಮಾಡು. ತಿನ್ನೋದು ಬಿಡೋದು ಅವರ ಪಾಡು."

ಸ್ತಾವ್ರೋಸ್ ಚರ್ಚಿನ ಪಾದ್ರಿಯನ್ನೂ ಕೇಳಿ ಬಂದ. ಅಕ್ಷರ ಸರಿಯಿದ್ದರೆ ಸಾಕು, ಕೈ ಯಾರದಾದರೇನು ಅಂದರಂತೆ.

ಹಾಗಾದರೆ ನನ್ನಲ್ಲಿರುವ ಒಳ್ಳೆಯದನ್ನೇ ಕೊಡೋಣವೆಂದು, ಊರಿನಿಂದ ತಂದಿದ್ದ ನನ್ನ ಸ್ವಂತದ ಗಂಧದ ತುಂಡನ್ನು ತೆಗೆದೆ. ಒಳಗಿನ ತಿರುಳು, ಜೇನಿನ ಬಣ್ಣ. ಅಳತೆಗೆ ಕೊಯ್ದು, ದುಂಡಗೆ ಮಾಡಿ, ಗೆರೆ ಹಾಕಿ ಯಾಯಾಳಿಗೆ ತೋರಿಸಲು ಒಯ್ದೆ. ಅವಳು ಮೂಗಿನ ಹತ್ತಿರ ತಂದಳು. ಮುಖ ಹಿಂದಕ್ಕೆ ಎಳೆದುಕೊಂಡು, ತುಂಡನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

ನನ್ನ ಕಿವಿ ಬಿಸಿಯಾಯಿತು. ಗಂಧವನ್ನು ಮೂಸಿ ಬೇಡವೆಂದವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ರಾಜರು ಬೇಡುವ ಮರ, ಸರ್ಕಾರ ಕಾವಲು ಕಾಯುವ ಮರ, ದೇವರ ಹಣೆಗೆ ಹಚ್ಚುವ ಮರ. ಅದನ್ನೆಲ್ಲ ಯಾವ ಭಾಷೆಯಲ್ಲಿ ಹೇಳಲಿ?

"ಬ್ರೆಡ್ಡಿಗೆ ಬ್ರೆಡ್ಡಿನ ವಾಸನೆಯೇ ಇರಬೇಕು ಅಂತಾಳೆ," ಅಂದ ಸ್ತಾವ್ರೋಸ್ ಸಂಕೋಚದಿಂದ. "ಬೇಜಾರು ಮಾಡ್ಕೋಬೇಡ."

ಬೇಜಾರಾಯಿತು. ಆ ದಿನ ಬ್ರೆಡ್ಡು ತೆಗೆದುಕೊಳ್ಳದೆ ಬಂದೆ. ಏರುಬೀದಿ ಹತ್ತುವಾಗ ಮೆಲ್ಲಗೆ ತಿಳಿಯಿತು: ಹಾಲಿನ ಪಾತ್ರೆಯಲ್ಲಿ ಗಂಧ ತೇಯ್ದರೆ ಗಿರಿಜೆ ನನ್ನನ್ನು ಬಿಟ್ಟಾಳೆಯೇ?

ಮರುದಿನ ಸ್ತಾವ್ರೋಸ್ ಒಣಗಿದ ಆಲಿವ್ ಮರದ ತುಂಡು ತಂದುಕೊಟ್ಟ. ಗಂಧ ಉಳಿಗೆ ಬೆಣ್ಣೆಯಂತೆ ಒಲಿಯುವ ಮರ. ಇದು ಹಟಮಾರಿ. ಎಳೆಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿದ್ದವು. ಎಡಕ್ಕೆ ಒತ್ತಿದರೆ ಬಲಕ್ಕೆ ಸೀಳು ಬರುತ್ತಿತ್ತು. ಉಳಿಗಳು ಮೊಂಡಾದವು, ಮಸೆದೆ, ಮತ್ತೆ ಮೊಂಡಾದವು. ಮಂಟಪದ ಕೆಲಸ ಮುಗಿಸಿ ಬಂದು ಸಂಜೆಗಳೆಲ್ಲ ಕಿಟಕಿಯ ಹತ್ತಿರ ಅದನ್ನೇ ಹಿಡಿದು ಕೂತೆ. ಅಕ್ಷರಗಳ ಅರ್ಥ ತಿಳಿಯದು, ಆದ್ದರಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹಳೆಯದನ್ನೇ ನೋಡಿ ನೋಡಿ ಕೆತ್ತಿದೆ.

ಅಂಚಿಗೆ ಬಂದಾಗ ಕೈ ನಿಂತಿತು. ಸವೆದ ಕಡೆ ಏನಿತ್ತೋ ಯಾರಿಗೆ ಗೊತ್ತು? ಉಳಿದ ಕಡೆಯದು ಒಂದು ಬಳ್ಳಿ, ಅಷ್ಟು ಮಾತ್ರ ಕಾಣುತ್ತಿತ್ತು. ಖಾಲಿ ಬಿಡಲು ಮನಸ್ಸಾಗಲಿಲ್ಲ. ನಮ್ಮ ಪೆಟ್ಟಿಗೆಗಳ ಅಂಚಿಗೆ ಅಪ್ಪ ಕೆತ್ತಲು ಕಲಿಸಿದ್ದ ಬಳ್ಳಿಯನ್ನೇ ಅಲ್ಲಿ ಬಿಡಿಸಿದೆ. ಎಲೆಯ ತುದಿ ಕೊಂಚ ಸುರುಳಿ, ನಡುನಡುವೆ ಮೊಗ್ಗು.

ಹಬ್ಬದ ಹಿಂದಿನ ದಿನ

ಹೊಸ ಮುದ್ರೆ ಕೊಡಲು ಹೋದಾಗ ಇನ್ನೂ ನಸುಕು. ಒಲೆ ಉರಿಯುತ್ತಿತ್ತು. ನಮ್ಮ ಕಡೆ ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗಬಹುದಾದ ಗವಿಗಳಿರುತ್ತವಲ್ಲ, ಅಂಥದ್ದೇ ಇಟ್ಟಿಗೆಯ ಒಲೆ. ಅದರೊಳಗೇ ಸೌದೆ ಒಟ್ಟಿ ಉರಿಸುತ್ತಾರೆ. ಕಲ್ಲು ಕಾದ ಮೇಲೆ ಕೆಂಡ ಬೂದಿಯನ್ನೆಲ್ಲ ಹೊರಗೆಳೆದು, ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಬ್ರೆಡ್ಡನ್ನು ಆ ಬರಿಯ ಕಲ್ಲಿನ ಮೇಲೇ ಇಡುತ್ತಾರೆ.

ಯಾಯಾ ಕೈ ತೊಳೆದು ಒರೆಸಿಕೊಂಡು ಮುದ್ರೆಯನ್ನು ತೆಗೆದುಕೊಂಡಳು. ಮೂಸಿದಳು. ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿ ತುಟಿಯಲ್ಲೇ ಓದಿಕೊಂಡಳು. ಬೆರಳು ಅಂಚಿಗೆ ಬಂತು, ಬಳ್ಳಿಯ ಮೇಲೆ ನಿಂತಿತು.

"ಅಲ್ಲಿ ಏನಿತ್ತು ಅಂತ ನನಗೆ ತಿಳೀಲಿಲ್ಲ, ಯಾಯಾ," ಅಂದೆ. ಸ್ತಾವ್ರೋಸ್ ಅದನ್ನು ಅವಳ ಭಾಷೆಯಲ್ಲಿ ಹೇಳಿದ.

"ನನಗೂ ನೆನಪಿಲ್ಲ," ಅಂದಳು ಅವಳು. "ನಾನು ಮದುವೆಯಾಗಿ ಬಂದಾಗಲೇ ಸವೆದಿತ್ತು."

ಅವಳು ಮೇಜಿನ ಮೇಲಿನ ಗಂಟು ಬಿಚ್ಚಿ ಸೀಳಿದ ಹಳೆಯ ಮುದ್ರೆಯನ್ನು ಕೈಗೆತ್ತಿಕೊಂಡಳು. ಹೊಸದರ ಜೊತೆ ಹೋಲಿಸಿ ನೋಡಲು ಇರಬೇಕೆಂದುಕೊಂಡೆ. ಗೋಡೆಯ ಮೂಲೆಯಲ್ಲಿ ಅವರ ದೇವರ ಪಟಗಳಿದ್ದವು, ಸಣ್ಣ ದೀಪ ಉರಿಯುತ್ತಿತ್ತು. ಅಲ್ಲಿ ಇಡುತ್ತಾಳೆಂದುಕೊಂಡೆ. ಅವಳು ಅದಕ್ಕೆ ಮುತ್ತಿಟ್ಟಳು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಒಲೆಯ ಬಾಯಿಗೆ ಹೋಗಿ ಬೆಂಕಿಯೊಳಗೆ ಎಸೆದಳು.

ನನ್ನ ಬಾಯಿಂದ ಏನು ಬಂತೋ ನನಗೇ ತಿಳಿಯದು. ಕೈ ಒಲೆಯ ಕಡೆ ಹೋಗಿ, ಮುಂಗೈಯ ರೋಮ ಸುಟ್ಟ ಮೇಲೆ ಹಿಂದೆ ಬಂತು. ಸ್ತಾವ್ರೋಸ್ ಅಮ್ಮನನ್ನು "ಮಾನಾ" ಎಂದು ಕೂಗಿ ಕರೆದು, ಉದ್ದನೆಯ ಸಲಿಕೆ ಹಿಡಿದು ಕೆಂಡದೊಳಗೆ ತೂರಿಸಿದ. ಅವಳು ಸಲಿಕೆಯ ಹಿಡಿಯ ಮೇಲೆ ಕೈಯಿಟ್ಟು ತಡೆದಳು. ಮುದುಕಿಯ ಕೈಯನ್ನು ಸರಿಸಲು ಅವನಿಗೆ ಆಗಲಿಲ್ಲ, ಅಥವಾ ಅವನು ಸರಿಸಲಿಲ್ಲ. ಸೀಳಿದ ಎರಡು ಹೋಳುಗಳು ಬೇರೆಯಾಗಿ ಬಿದ್ದದ್ದು ಕಾಣಿಸಿತು. ಒಂದು ಕ್ಷಣ ಅಕ್ಷರಗಳು ಕೆಂಪಗೆ ಹೊಳೆದವು, ಆಮೇಲೆ ಸೌದೆ ಯಾವುದು, ಮುದ್ರೆ ಯಾವುದು ಗುರುತಿಸಲಾಗಲಿಲ್ಲ.

ಊರನ್ನೇ ಸುಟ್ಟ ಬೆಂಕಿಯಿಂದ ಉಳಿದು ಬಂದದ್ದು ಅದೊಂದೇ. ಅದನ್ನು ಇವಳೇ ಬೆಂಕಿಗೆ ಕೊಟ್ಟಳು. ನಾನು ಹೊಸದನ್ನು ಕೆತ್ತದೆ ಇದ್ದಿದ್ದರೆ ಹಳೆಯದು ಇನ್ನೂ ಇರುತ್ತಿತ್ತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸ್ತಾವ್ರೋಸ್ ಅಳುತ್ತ ಅವಳ ಮೇಲೆ ರೇಗಿದ. ಅವಳು ಅವನ ಮಾತು ಮುಗಿಯುವವರೆಗೂ ಕಾದು, ಮೆಲ್ಲಗೆ ನಾಲ್ಕು ಮಾತು ಹೇಳಿದಳು. ಅವನು ಕಣ್ಣೊರೆಸಿಕೊಂಡ. ಆಮೇಲೆ ನನಗೆ ಹೇಳಿದ.

"ದೇವರ ಹೆಸರಿರುವ ಮರ, ಕಸಕ್ಕೆ ಹಾಕೋ ಹಾಗಿಲ್ಲ, ಸುಡಬೇಕು ಅಂತಾಳೆ. ಗೋಡೆಗೆ ತೂಗುಹಾಕಿದರೆ ದಿನಾ ಅದನ್ನೇ ನೋಡ್ತಾ ಕೂರ್ತೀನಿ, ಆಗ ಹಿಟ್ಟು ಯಾರು ನಾದ್ತಾರೆ ಅಂತಾಳೆ."

ಅಷ್ಟರಲ್ಲಿ ಯಾಯಾ ಹೊಸ ಮುದ್ರೆಯನ್ನು ಹಿಟ್ಟಿನಲ್ಲಿ ಅದ್ದಿ ಕೊಡವಿ, ಉಬ್ಬಿದ ದುಂಡು ಬ್ರೆಡ್ಡಿನ ಮೇಲಿಟ್ಟು, ಎರಡು ಕೈಯಿಂದಲೂ ಮೈಭಾರ ಹಾಕಿ ಒತ್ತಿದಳು. ಎತ್ತಿದಾಗ ಅಕ್ಷರಗಳು ಸರಿಯಾಗಿ ಮೂಡಿದ್ದವು. ಸ್ತಾವ್ರೋಸ್ ಬೂದಿ ಎಳೆದು ಕಲ್ಲು ಒರೆಸಿದ. ಹಳೆಯ ಮುದ್ರೆ ಉರಿದ ಜಾಗದಲ್ಲೇ ಆ ಬ್ರೆಡ್ಡು ಬೆಂದಿತು.

ಚರ್ಚಿನಲ್ಲಿ

ಹಬ್ಬದ ಬೆಳಿಗ್ಗೆ ಯಾಯಾ ನನ್ನನ್ನು ಬಿಡಲಿಲ್ಲ. ಕರೀಂ ಮಿಯಾ, "ಹೋಗಿ ಬಾ, ಮಂಟಪ ನಾನು ನೋಡ್ಕೊಳ್ತೀನಿ," ಅಂದರು. ಚರ್ಚಿನ ಬಾಗಿಲಲ್ಲಿ ಅಭ್ಯಾಸದಿಂದ ಚಪ್ಪಲಿ ಬಿಟ್ಟೆ. ಒಳಗೆ ಎಲ್ಲರೂ ಬೂಟು ಹಾಕಿಕೊಂಡೇ ನಿಂತಿದ್ದರು. ಸ್ತಾವ್ರೋಸ್ ನನ್ನ ಬರಿಗಾಲು ನೋಡಿ, ಹೊರಗೆ ಹೋಗಿ ಚಪ್ಪಲಿ ಎತ್ತಿ ತಂದು ತನ್ನ ಕೋಟಿನೊಳಗೆ ಇಟ್ಟುಕೊಂಡ. ಕಳುವಾಗದಿರಲೆಂದು.

ಒಳಗೆ ಕಾಲಿಟ್ಟ ಕೂಡಲೇ ಕಾಮಕಸ್ತೂರಿಯ ಪರಿಮಳ. ನಮ್ಮ ಹೆಂಗಸರು ಮುಡಿಯುವ ಅದೇ ಕಾಮಕಸ್ತೂರಿ, ಇಲ್ಲಿ ಶಿಲುಬೆಯ ಸುತ್ತ ರಾಶಿ. ತೀರ್ಥ ಚಿಮುಕಿಸಿ ಜನರಿಗೆ ಅದರ ಕುಡಿ ಹಂಚುತ್ತಿದ್ದರು. ಇದರಲ್ಲಿ ಒಂದು ಕುಡಿಯನ್ನು ಹಿಟ್ಟಿನ ಮೇಲಿಟ್ಟರೆ ಬೇರೆ ಏನೂ ಹಾಕದೆ ಹಿಟ್ಟು ಉಬ್ಬುತ್ತದೆ, ವರ್ಷವಿಡೀ ಬ್ರೆಡ್ಡಿಗೆ ಹೆಪ್ಪು ಹಾಕುವುದು ಆ ಹುಳಿಹಿಟ್ಟನ್ನೇ ಎಂದು ಸ್ತಾವ್ರೋಸ್ ಕಿವಿಯಲ್ಲಿ ಹೇಳಿದ. ನಂಬಲು ಆಗಲಿಲ್ಲ, ಕೇಳಲು ಹೋಗಲಿಲ್ಲ. ಆ ಊರಿನಲ್ಲಿ ಆಶ್ಚರ್ಯಪಡುವ ನನ್ನ ಶಕ್ತಿಯೇ ಮುಗಿದಿತ್ತು.

ನಡುವಿನ ಭಾಗ ಪರದೆಯ ಹಿಂದೆ ಪಾದ್ರಿಯ ಹತ್ತಿರ ಹೋಗಿತ್ತು. ಅದು ನನ್ನದಲ್ಲ, ನಾನು ಅದನ್ನು ನೋಡಲೂ ಇಲ್ಲ. ಕೊನೆಯಲ್ಲಿ ಬ್ರೆಡ್ಡಿನ ಉಳಿದ ಭಾಗವನ್ನು ಸಣ್ಣ ಸಣ್ಣ ತುಂಡು ಮಾಡಿ, ಸಾಲಿನಲ್ಲಿ ಬಂದವರಿಗೆಲ್ಲ ಕೊಟ್ಟರು. "ಇದು ನೀನು ಹೇಳಿದ ಹಾಗೆ ಪ್ರಸಾದ. ಯಾರು ಬೇಕಾದರೂ ತಿನ್ನಬಹುದು," ಎಂದು ಸ್ತಾವ್ರೋಸ್ ನನ್ನನ್ನು ಮುಂದೆ ತಳ್ಳಿದ. ಗಡ್ಡದ ಪಾದ್ರಿ ನನ್ನ ಅಂಗೈಯಲ್ಲಿ ಒಂದು ತುಂಡು ಇಟ್ಟರು.

ಕಂದು ಹೊರಮೈಯ ಮೇಲೆ ಒಂದು ಎಲೆ, ಸುರುಳಿಯಾದ ಅದರ ತುದಿ, ಪಕ್ಕದಲ್ಲಿ ಅರ್ಧ ಮೊಗ್ಗು. ನನ್ನದೇ ಬಳ್ಳಿ. ಅಷ್ಟು ವರ್ಷ ಕೆತ್ತಿದ ಎಷ್ಟೋ ದೇವರುಗಳಿಗೆ ಸಿಗದ ಜಾಗ ನನ್ನ ಒಂದು ಎಲೆಗೆ ಸಿಕ್ಕಿತ್ತು, ಮತ್ತು ಅದನ್ನು ನಾನು ತಿನ್ನಬೇಕಾಗಿತ್ತು. ಸುತ್ತಲಿನವರೆಲ್ಲ ಅಗಿಯುತ್ತಿದ್ದರು. ಜೇಬಿಗೆ ಹಾಕಿ ಊರಿಗೆ ಒಯ್ದು ಗಿರಿಜೆಗೆ ತೋರಿಸೋಣ ಅನ್ನಿಸಿತು. ಯಾಯಾ ಸಾಲಿನ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಬಾಯಿಗೆ ಹಾಕಿಕೊಂಡು ಅಗಿದೆ.

ಅವಳು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು. ನನ್ನ ಕೆನ್ನೆಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. ಸ್ತಾವ್ರೋಸ್ ಅದನ್ನು ಹೇಳುವಾಗ ಅವನ ಮೀಸೆಯಡಿ ನಗು ಇತ್ತು.

"ಉಪ್ಪು ಸರಿಯಾಗಿದೆಯಾ ಅಂತ ಕೇಳ್ತಾಳೆ."

ಇಂಗ್ಲಿಷು, ಹಿಂದಿ ಯಾವುದೂ ನೆನಪಿಗೆ ಬರಲಿಲ್ಲ.

"ಸರಿಯಾಗಿದೆ, ಅಮ್ಮ," ಅಂದೆ ಕನ್ನಡದಲ್ಲೇ. ಅವಳು ತಲೆಯಾಡಿಸಿ, ಅಂಗಡಿ ತೆರೆಯಲು ಹೊರಟಳು.